ಮತ್ತೆ ಕ್ರಾಸ್ ಸ್ಟಿಚ್ ಹಿಡಿಯೋಣ ಅಂತಿದ್ದೀನಿ, ಮಾಡ್ತಿರೋರು ಹೇಳಿ

ಹೊಸನಗರದಿಂದ: ಹೈಸ್ಕೂಲಲ್ಲಿ ಕಸೂತಿಯ ಮ್ಯಾಟಿ ಬಟ್ಟೆ ಮೇಲೆ, ಎರಡು ಓರೆ ಗೆರೆ ಒಂದರ ಮೇಲೊಂದು ಕತ್ತರಿ ಹಾಕಿದ ಹಾಗೆ ಹೊಲಿದು, ಗಿಳಿ, ಗುಲಾಬಿ ಹಾಕಿದ್ದು ಬಿಟ್ಟರೆ ಸೂಜಿ ಮುಟ್ಟಿಲ್ಲ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಮಳೆಗಾಲದ ಮಧ್ಯಾಹ್ನ ಕಳೆಯೋದೇ ಕಷ್ಟ. ಚಾಳೀಸು ಬಂದಿದೆ. ಕಣ್ಣಿಗೆ ತ್ರಾಸಾಗದೆ, ವಯಸ್ಸಾದ್ರೂ ಬಿಡದ ಹಾಗೆ ಮಾಡೋಕೆ ಎಲ್ಲಿಂದ ಶುರು ಮಾಡ್ಲಿ?

ತೀರ್ಥಹಳ್ಳಿಯಿಂದ: ಅಕ್ಕ, ಮೊದಲು ಬಟ್ಟೆ. ಮ್ಯಾಟಿ ಬಿಟ್ಟು ಐಡಾ ತಗೊಳ್ಳಿ, ಚೌಕದ ಮೂಲೆ ಮೂಲೆಗೆ ತೂತು ಎದ್ದು ಕಾಣ್ತದೆ. ಇಂಚಿಗೆ ಎಷ್ಟು ಚೌಕವೋ ಅದೇ ಕೌಂಟ್. ಎಲ್ರೂ 14 ಅಂತಾರೆ, ನಿಮಗೆ ನಾನು 11 ಹೇಳ್ತೀನಿ. ಚಿತ್ರ ದೊಡ್ಡದಾಗ್ತದೆ ಅನ್ನೋದು ನೆನಪಿರಲಿ: 110 ಚೌಕದ ನಮೂನೆ 14ರಲ್ಲಿ ಎಂಟಿಂಚಿಗೆ ಚೂರು ಕಮ್ಮಿ, 11ರಲ್ಲಿ ಹತ್ತಿಂಚು. ದಾರದಲ್ಲಿ ಆರು ಎಳೆ ಇರ್ತದಲ್ಲ, 14ಕ್ಕೆ ಎರಡೆಳೆ, 11ಕ್ಕೆ ಮೂರೆಳೆ. ಮೊಳದಷ್ಟು ಕತ್ತರಿಸಿ, ಒಂದೊಂದೇ ಎಳೆ ಬಿಡಿಸಿ ಆಮೇಲೆ ಜೋಡಿಸಿ. ಎರಡು ಮೂರು ಒಟ್ಟಿಗೆ ಎಳೆದ್ರೆ ಸಿಕ್ಕಾಗ್ತದೆ. ಸೂಜಿ ಮೊಂಡು ತುದೀದು. ನಮೂನೆಯ ಜೆರಾಕ್ಸ್ ತೆಗೆಸಿ, ಹಾಕಿದ ಚೌಕಕ್ಕೆ ಬಣ್ಣ ಬಳೀತಾ ಹೋಗಿ, ಎಣಿಕೆ ತಪ್ಪೋದಿಲ್ಲ.

ಶಿವಮೊಗ್ಗದಿಂದ: 11 ಬೇಡ ಮಾರಾಯ್ರೆ, ಹೂವಿನ ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ. ಕನ್ನಡಕ ಸರಿ ಮಾಡಿಸ್ಕೊಳ್ಳಿ. ಕೂತು ಹೊಲಿಯುವಾಗ ಬಟ್ಟೆ ಕಣ್ಣಿಂದ ಎಷ್ಟು ದೂರ ಇರುತ್ತೆ ಅಂತ ಅಳೆದು ಕಣ್ಣಿನ ಡಾಕ್ಟರಿಗೆ ಹೇಳಿ, ಆ ದೂರಕ್ಕೇ ನಂಬರ್ ಕೊಡ್ತಾರೆ. ಓದೋ ಕನ್ನಡಕದಲ್ಲೇ ಮಾಡಿದ್ರೆ ಬಗ್ಗಿ ಬಗ್ಗಿ ಕತ್ತು ಹೋಗುತ್ತೆ. ನಾನು ಬ್ಯಾಂಕಿಂದ ರಿಟೈರ್ ಆದವನು. ಗಂಡಸು ಕಸೂತಿ ಹಾಕ್ತಾನೆ ಅಂತ ನಗೋರು ನಗಲಿ, ಗಾಂಧಿ ಬಜಾರಲ್ಲಿ ದಾರದ ಬಣ್ಣ ಆರಿಸೋಕೆ ನಿಂತ್ರೆ ನನಗೆ ಊಟದ ಹೊತ್ತೂ ಮರೆಯುತ್ತೆ. ಒಂದೇ ಬಣ್ಣ ಜಾಸ್ತಿ ಬೇಕಿದ್ರೆ ಎಲ್ಲ ಒಂದೇ ಸಲ ತಗೊಳ್ಳಿ, ಆಮೇಲೆ ತಂದದ್ದರ ಬಣ್ಣ ಒಂಚೂರು ಬೇರೆ ಇರಬಹುದು.

ಸಾಗರದಿಂದ: ಮೇಲೆ ಬೀಳೋ ಗೆರೆ ಎಲ್ಲಾ ಒಂದೇ ದಿಕ್ಕಿಗಿರಲಿ, ಅಷ್ಟು ಸಾಕು ನೀಟಾಗಿ ಕಾಣೋಕೆ. ಗಂಟು ಹಾಕ್ಬೇಡಿ, ದಾರದ ಕೊನೆ ಹಿಂದುಗಡೆ ಹೊಲಿಗೆಯೊಳಗೇ ತೂರಿಸಿ. ಪೇಟೆ ಕಿಟ್ಟಿನ ಗೊಂಬೆಗಳು ನನಗಂತೂ ಬೇಗ ಬೇಜಾರಾಯ್ತು. ಧಾರವಾಡ ಕಸೂತಿಯ ಮೆಂತಿ ಹೊಲಿಗೆಯೂ ಇದೇ ಕತ್ತರಿ ಹೊಲಿಗೆ ತಾನೆ, ಅಲ್ಲಿನ ಗೋಪುರ, ತೇರು ಗ್ರಾಫ್ ಹಾಳೆ ಮೇಲೆ ಇಳಿಸ್ಕೊಂಡು ಹಾಕ್ತೀನಿ. ನಮ್ಮನೆ ಚುಕ್ಕಿ ರಂಗೋಲಿಗಳೂ ಹಾಗೇ ಬಟ್ಟೆಗೆ ಬಂದಿವೆ.

ಆಗುಂಬೆ ಕಡೆಯಿಂದ: ಮಳೆ ವಿಷಯ ಯಾರೂ ಹೇಳ್ಲಿಲ್ವಲ್ಲ! ಬಟ್ಟೆ ಬಿಗಿಯಾಗಿ ಹಿಡಿಯೋ ರಿಂಗಿಂದ ದಿನಾ ಬಟ್ಟೆ ತೆಗೆದಿಡಿ, ಇಲ್ಲಾಂದ್ರೆ ವೃತ್ತದ ಕಲೆ ಕೂರುತ್ತೆ. ತಣುಪು ಬಟ್ಟೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ್ರೆ ಬೂಷ್ಟು ಗ್ಯಾರಂಟಿ. ಫ್ಯಾನಿನ ಕೆಳಗೆ ಆರಿಸಿ ಸ್ಟೀಲ್ ಡಬ್ಬಿಲಿಡಿ. ಒಲೆ ಮೇಲಿನ ಅಟ್ಟದಲ್ಲಂತೂ ಬೇಡ, ಹೊಗೆ ಬಣ್ಣ ಹೋಗಲ್ಲ. ಕರೆಂಟ್ ಹೋದ್ರೆ ತೋಟಕ್ಕೆ ಹೋಗೋವಾಗ ಹಣೆಗೆ ಕಟ್ಕೊಳ್ಳೋ ಬ್ಯಾಟರಿ ಇದೆಯಲ್ಲ, ಅದೇ ಕಟ್ಕೊಳ್ಳಿ. ಕಪ್ಪು ಬಟ್ಟೆ ಬೇಸಿಗೆಗೆ ಇರ್ಲಿ. ಹಾಕಲೇಬೇಕು ಅಂದ್ರೆ ತೊಡೆ ಮೇಲೆ ಬಿಳಿ ಪಂಚೆ ಹಾಸ್ಕೊಳ್ಳಿ, ತೂತು ಕಾಣುತ್ತೆ. ಫ್ರೇಮ್ ಹಾಕಿಸುವಾಗ ಗಾಜು ಬಟ್ಟೆಗೆ ತಾಗದ ಹಾಗೆ ನಡುವೆ ಸಂದು ಬಿಡಿಸಿ.