ಮಳೆ ಬಿಟ್ಟು ಹೋಗುವವರ ಸಭೆ

ಜುಲೈ ಬಂತೆಂದರೆ ಕೊಡಗಿನ ನಮ್ಮ ಗುಂಪಿನಲ್ಲಿ ಯಾರಾದರೊಬ್ಬರು ಊರು ಬಿಡುವ ಮಾತು ತೆಗೆಯುತ್ತಾರೆ. ಈ ಸಲ ದಿನೇಶನ ಸರದಿ. ಮುತ್ತಣ್ಣನವರ ಜಗಲಿಯಲ್ಲಿ ಬೆಲ್ಲದ ಕಾಫಿ ಕುಡಿಯುತ್ತಾ ಕೂತಿದ್ದೆವು. ಕರೆಂಟು ಹೋಗಿ ಮೂರು ದಿನ ಆಗಿತ್ತು. ದಿನೇಶ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವವನು. ಒಲೆಯ ಮೇಲಿನ ಹಗ್ಗದಲ್ಲಿ ಒಣಗಿದ ಅವನ ಅಂಗಿ ಹೊಗೆಗಿಟ್ಟ ಮಾಂಸದ ಹಾಗೆ ಘಮ್ಮೆನ್ನುತ್ತಿತ್ತು. ನಮ್ಮ ಕಡೆ ನೆಟ್‌ವರ್ಕ್ ಸಿಗುವುದು ಮುತ್ತಣ್ಣನವರ ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ಕೊಡೆ ಹಿಡಿದು ನಿಂತೇ ಮೀಟಿಂಗ್ ಮುಗಿಸಿ ಬಂದಿದ್ದ. ಕಾಲಲ್ಲಿ ಎರಡು ಜಿಗಣೆ.

"ಸಾಕಪ್ಪ ಈ ಮಳೆ. ನಾನು ರಾಜ್ಯವನ್ನೇ ಬಿಡುತ್ತೇನೆ," ಎಂದ.

"ಮೊದಲು ಕಾಲಿಗೆ ಉಪ್ಪು ಹಾಕು," ಎಂದರು ಪುಷ್ಪಕ್ಕ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು, ಯಾವುದು ಮೊದಲು ಅನ್ನೋದು ಅವರಿಗೆ ಗೊತ್ತು.

ಹಮೀದ್ ಹುರಿದ ಹಲಸಿನ ಬೀಜ ಸುಲಿಯುತ್ತಾ, "ಕಣ್ಣೂರಿಗೆ ಬಾ ಮಾರಾಯ. ಮಾಕುಟ್ಟ ಘಾಟಿ ಇಳಿದರೆ ಆಯ್ತು. ನಮ್ಮ ಮಾವನ ಮನೆ ಮಹಡಿ ಖಾಲಿ ಇದೆ. 2018ರಿಂದ ವಿಮಾನ ನಿಲ್ದಾಣವೂ ಇದೆ," ಎಂದ.

"ಮಳೆಗೆ ಹೆದರಿ ಕೇರಳಕ್ಕಾ?" ಪುಷ್ಪಕ್ಕ ನಕ್ಕರು. "ಮುಂಗಾರು ಮೊದಲು ಕಾಲಿಡುವುದೇ ಅಲ್ಲಿ, ಜೂನ್ 1ರ ಸುಮಾರಿಗೆ. ಇಲ್ಲಿಗೆ ಬರುವ ಮಳೆಯನ್ನು ನೀನೇ ಎದುರು ಹೋಗಿ ಹಾರ ಹಾಕಿ ಕರೆದ ಹಾಗೆ."

ನಾನು ಚೆನ್ನೈ ಎಂದೆ. ಅಲ್ಲಿ ಹೆಚ್ಚು ಮಳೆ ಸುರಿಯುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ನಮ್ಮ ಮಳೆಗಾಲ ಅಲ್ಲಿ ಕಳೆದು, ಅವರ ಮಳೆಗಾಲಕ್ಕೆ ಕಾಫಿ ಕುಯ್ಯಲು ವಾಪಸ್ ಬಂದರಾಯ್ತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಹಮೀದ್ ಬಾಯಿ ಹಾಕಿದ.

"2015ರಲ್ಲಿ ಅಲ್ಲಿ ಬೀದಿಯಲ್ಲಿ ದೋಣಿ. 2019ರಲ್ಲಿ ಕೆರೆ ಒಣಗಿ ರೈಲಿನಲ್ಲಿ ನೀರು ತಂದರು."

"ನೀರಿಗೆ ರೈಲಾ?" ಮುತ್ತಣ್ಣ ಮೊದಲ ಸಲ ತಲೆಯೆತ್ತಿದರು. "ಕೊಡಗಿನಲ್ಲಿ ಮನುಷ್ಯರಿಗೇ ರೈಲಿಲ್ಲ!"

"ಅಲ್ಲಿ ಕುಡಿಯುವ ನೀರಲ್ಲಿ ಒಂದಷ್ಟು ಕಾವೇರಿಯೂ ಇದೆ. ವೀರಾಣಂ ಕೆರೆಯಿಂದ ಹೋಗುತ್ತದೆ," ಎಂದರು ಪುಷ್ಪಕ್ಕ. "ಇಲ್ಲಿ ಬೈದ ಮಳೆಯನ್ನೇ ಅಲ್ಲಿ ದುಡ್ಡು ಕೊಟ್ಟು ಕುಡಿಯಬೇಕು ನೀನು."

ದಿನೇಶನಿಗೆ ರೇಗಿತು. "ಹಾಗಾದರೆ ಜೈಸಲ್ಮೇರ್! ವರ್ಷಕ್ಕೆ ಇನ್ನೂರು ಮಿಲಿಮೀಟರ್ ಮಳೆ ಅಷ್ಟೇ."

ಮುತ್ತಣ್ಣನವರಿಗೆ ಮಿಲಿಮೀಟರ್ ಅಂದರೆ ಅರ್ಥವೇ ಆಗುವುದಿಲ್ಲ. ತೋಟದವರ ಮಳೆಗೆ ಇಂಚು, ಸೆಂಟೇ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು. ದಿನಾ ಬೆಳಗ್ಗೆ ಮಳೆ ಅಳೆಯುವ ಪಾತ್ರೆ ನೋಡಿ ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಹತ್ತು ಮನೆಗೆ ಫೋನ್ ಮಾಡಬೇಕು. ಇದು ಅವರೊಬ್ಬರ ಹುಚ್ಚಲ್ಲ. ಸಾವಿನ ಮನೆಗೆ ಹೋದರೂ ಒಂದು ನಿಟ್ಟುಸಿರು ಬಿಟ್ಟು, ಪಕ್ಕದವರ ಕಿವಿಯಲ್ಲಿ "ನಿಮ್ಮಲ್ಲೆಷ್ಟು?" ಎನ್ನುವವರು ನಾವು. ಪಕ್ಕದ ತೋಟದಲ್ಲಿ ಹತ್ತು ಸೆಂಟ್ ಜಾಸ್ತಿ ಬಿದ್ದಿದ್ದರೆ ಆ ದಿನ ತಿಂಡಿ ಸೇರುವುದಿಲ್ಲ.

ಲೆಕ್ಕ ಹಾಕಿ, "ಎಂಟು ಇಂಚು ಆಗುತ್ತದೆ," ಎಂದೆ. ಮುತ್ತಣ್ಣ ಒಳಗಿಂದ ಪುಸ್ತಕ ತಂದು ಟಾರ್ಚ್ ಬೆಳಕಲ್ಲಿ ಬೆರಳಾಡಿಸಿದರು.

"ಸೋಮವಾರ, ಮಂಗಳವಾರ ಸೇರಿ 8 ಇಂಚು 15 ಸೆಂಟ್. ಅವರ ಒಂದು ವರ್ಷ ನಮಗೆ ಎರಡು ದಿನ. ಉಳಿದ 15 ಸೆಂಟನ್ನು ನೀನು ಬುತ್ತಿ ಕಟ್ಟಿಕೊಂಡು ಹೋಗು."

ಹಮೀದ್ ಇನ್ನೊಂದು ಕಲ್ಲು ಹಾಕಿದ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಗಾಡಿ ಇಟ್ಟುಕೊಂಡರೆ ಅಲ್ಲಿಯ ನಂಬರ್ ಮಾಡಿಸಬೇಕು. ಇಲ್ಲಿಂದ ಎನ್‌ಒಸಿ ಅನ್ನೋ ನಿರಾಕ್ಷೇಪಣಾ ಪತ್ರ, ಅಲ್ಲಿ ಮತ್ತೆ ತೆರಿಗೆ. ದಿನೇಶನ ಮುಖ ಸಪ್ಪಗಾಯಿತು. ಅಪ್ಪನ ಕಾಲದ ಜೀಪು ಅದು. ಬಾಗಿಲು ಹಾಕಲು ಹಗ್ಗ ಕಟ್ಟಬೇಕು, ಆದರೂ ಅದು ಕೆಎ 12, ಕೊಡಗಿನ ನಂಬರು.

"ರಾಜ್ಯ ಬದಲಿಸಲು ಇಷ್ಟೆಲ್ಲ ಒದ್ದಾಟ ಯಾಕೆ?" ಎಂದರು ಪುಷ್ಪಕ್ಕ. "ನಮ್ಮ ಅಜ್ಜಿ ಜಗಲಿ ಇಳಿಯದೆ ಬದಲಿಸಿದರು. 1956ರ ಅಕ್ಟೋಬರ್ 31ರ ರಾತ್ರಿ ಕೊಡಗು ರಾಜ್ಯದಲ್ಲಿ ಮಲಗಿದರು, ಬೆಳಗ್ಗೆ ಎದ್ದರೆ ಮೈಸೂರು ರಾಜ್ಯ. 1973ರಲ್ಲಿ ಅದೇ ಜಗಲಿ ಕರ್ನಾಟಕ ಆಯಿತು. ಹಂದಿ ಗೂಡನ್ನೂ ಸರಿಸಲಿಲ್ಲ."

ಕೊನೆಗೆ ಕುಶಾಲನಗರದ ಮಾತು ಬಂತು. ಎಲ್ಲರೂ ಸುಮ್ಮನಾದೆವು, ಯಾಕೆಂದರೆ ಅದು ಆಗುವಂಥ ಮಾತು. ಮಡಿಕೇರಿಯಿಂದ ಸುಮಾರು ಮೂವತ್ತು ಕಿಲೋಮೀಟರ್. ಮಳೆ ಮಡಿಕೇರಿಯ ಅರ್ಧದಷ್ಟೂ ಇಲ್ಲ. ಬಟ್ಟೆ ಬಿಸಿಲಲ್ಲೇ ಒಣಗುತ್ತದೆ, ಜೀಪಿನ ನಂಬರೂ ಉಳಿಯುತ್ತದೆ.

"ಮಳೆ ಬರುವುದಿಲ್ಲ, ನೀರು ಬರುತ್ತದೆ," ಎಂದ ಹಮೀದ್. "2018, 2019ರಲ್ಲಿ ನೋಡಿದೆವಲ್ಲ. ಮೇಲೆ ಸುರಿದದ್ದೆಲ್ಲ ಹೊಳೆಯಲ್ಲಿ ಇಳಿದು ಅಲ್ಲಿಯ ಬಡಾವಣೆಗಳಿಗೆ ನುಗ್ಗಿತು."

2018 ಎಂದ ಕೂಡಲೇ ಯಾರೂ ನಗಲಿಲ್ಲ. ಆ ಆಗಸ್ಟಿನಲ್ಲಿ ಗುಡ್ಡ ಕುಸಿದು ಊರು ಬಿಟ್ಟವರು ಹೀಗೆ ಹರಟೆ ಹೊಡೆದು ಬಿಟ್ಟವರಲ್ಲ. ಪುಷ್ಪಕ್ಕ ಎದ್ದು ಎಲ್ಲರಿಗೂ ಇನ್ನೊಂದು ಲೋಟ ಕಾಫಿ ಬಗ್ಗಿಸಿದರು.

ಮಾತು ಬದಲಿಸೋಣ ಅಂತ ನಾನೇ ತಪ್ಪು ಮಾಡಿದೆ. "ಹಾಗೆ ನೋಡಿದರೆ ನಮ್ಮದೇನು ಮಳೆ ಬಿಡಿ. ಆಗುಂಬೆಯಲ್ಲಿ ವರ್ಷಕ್ಕೆ 300 ಇಂಚಿನ ಹತ್ತಿರ ಅಂತೆ," ಎಂದುಬಿಟ್ಟೆ.

ಮುತ್ತಣ್ಣ ಪುಸ್ತಕ ಮುಚ್ಚಿದರು. ಆದರೆ ಮೇಲೆದ್ದದ್ದು ದಿನೇಶ.

"ಅದೆಲ್ಲ ಸುಮ್ನೆ! ಅಳೆದವರು ಯಾರು? ನಮ್ಮ ಕೊಡಗಿನ ಭಾಗಮಂಡಲದ ಲೆಕ್ಕ ತೆಗೆಯಿರಿ ನೋಡೋಣ. ನಮ್ಮ ಮಳೆ ಅವರ ಮಳೆ ಹಾಗೆ ಬಂದು ಹೋಗುವುದಲ್ಲ, ನಿಂತು ಹೊಯ್ಯುವುದು!" ಎನ್ನುತ್ತಾ ಟಾರ್ಚ್ ಕಸಿದುಕೊಂಡು ಬರಿಗಾಲಲ್ಲೇ ಅಂಗಳಕ್ಕೆ ಇಳಿದ. ಕೊಡೆ ಇಲ್ಲೇ ಗೋಡೆಗೆ ಒರಗಿತ್ತು.

ಕತ್ತಲಿಂದ ಕೂಗು ಕೇಳಿಸಿತು. "ಬೆಳಗ್ಗೆಯಿಂದ ಈಗಾಗಲೇ ಮೂರು ಇಂಚು ದಾಟಿದೆ!"

"ಬಗ್ಗಿಸಬೇಡ!" ಮುತ್ತಣ್ಣ ಗಾಬರಿಯಿಂದ ಕೂಗಿದರು. "ನಾಳೆ ಬೆಳಗ್ಗೆ ಅಳೆಯುವುದು ಅದು. ಒಂದು ತೊಟ್ಟೂ ಚೆಲ್ಲಬೇಡ!"

ಪುಷ್ಪಕ್ಕ ಉಪ್ಪಿನ ಡಬ್ಬಿಯನ್ನು ಮತ್ತೆ ಹತ್ತಿರ ಎಳೆದುಕೊಂಡರು.