ವಾಚ್ ಒಂದು ಹೇಳುತ್ತದೆ, ಇಸಿಜಿ ಇನ್ನೊಂದು: ಯಾವುದನ್ನು ನಂಬೋದು?

ಪ್ರಶ್ನೆ: ಡಾಕ್ಟ್ರೇ, ಅಪ್ಪನಿಗೆ 67 ವರ್ಷ. ಸ್ಮಾರ್ಟ್‌ವಾಚ್ ಎರಡು ಸಲ ‘ಬಡಿತ ಏರುಪೇರಾಗಿದೆ’ ಅಂತ ಎಚ್ಚರಿಸಿತು. ಮರುದಿನ ಇಸಿಜಿ ಮಾಡಿಸಿದರೆ ನಾರ್ಮಲ್ ಬಂತು. ಆ ಗೆರೆಗಳಲ್ಲಿ ನೀವು ಏನು ನೋಡಿ ಹೇಳುತ್ತೀರಿ?

ಉತ್ತರ (ಹೃದ್ರೋಗ ವೈದ್ಯರು): ಎರಡೂ ಸರಿಯಿರಬಹುದು. ಮಾಮೂಲಿ ಇಸಿಜಿ ಹಿಡಿಯುವುದು ಬರೀ 10 ಸೆಕೆಂಡ್. ಬಂದು ಹೋಗುವ ತೊಂದರೆ ಆಗ ಇಲ್ಲದಿದ್ದರೆ ಸಿಗುವುದಿಲ್ಲ.

ಮೊದಲು ನೋಡುವುದು ಎತ್ತರದ ಮೊನೆಗಳ, ಅಂದರೆ ಆರ್ ಅಲೆಗಳ ನಡುವಿನ ಅಂತರ. ಕಾಗದದ ಚೂರೊಂದನ್ನು ಇಸಿಜಿ ಪಟ್ಟಿಯ ಮೇಲಿಟ್ಟು ಅಕ್ಕಪಕ್ಕದ ಎರಡು ಮೊನೆಗಳಿಗೆ ಗುರುತು ಹಾಕಿ. ಚೂರನ್ನು ಮುಂದಕ್ಕೆ ಸರಿಸುತ್ತಾ ಹೋಗಿ. ಗುರುತು ಪ್ರತಿ ಸಲ ಮೊನೆಗೇ ಕೂತರೆ ಲಯ ಸರಿ. ಪಟ್ಟಿ ಸೆಕೆಂಡಿಗೆ 25 ಮಿ.ಮೀ. ಓಡುವುದರಿಂದ ಒಂದು ದೊಡ್ಡ ಚೌಕ 0.2 ಸೆಕೆಂಡ್. ಎರಡು ಮೊನೆಗಳ ನಡುವೆ 4 ದೊಡ್ಡ ಚೌಕ ಇದ್ದರೆ 300ನ್ನು 4ರಿಂದ ಭಾಗಿಸಿ, ನಿಮಿಷಕ್ಕೆ 75. ಲಯ ತಪ್ಪಿದಾಗ ಈ ಲೆಕ್ಕ ನಡೆಯಲ್ಲ. 10 ಸೆಕೆಂಡಿನ ಮೊನೆಗಳನ್ನು ಎಣಿಸಿ 6ರಿಂದ ಗುಣಿಸಬೇಕು.

ಗುರುತು ಕೂರಲಿಲ್ಲವೇ? ತಪ್ಪುವುದರಲ್ಲೂ ಒಂದು ಕ್ರಮ ಇದೆಯಾ ನೋಡಿ. ಉಸಿರೆಳೆದಾಗ ಬೇಗ, ಬಿಟ್ಟಾಗ ನಿಧಾನ, ಪ್ರತಿ ಮೊನೆಗೂ ಮುಂಚೆ ಒಂದೇ ಥರದ ಪುಟ್ಟ ಪಿ ಅಲೆ ಇದ್ದರೆ ಅದು ರೋಗವೇ ಅಲ್ಲ, ಚಿಕ್ಕ ವಯಸ್ಸಿನವರಲ್ಲಿ ಜಾಸ್ತಿ. ಒಂದು ಬಡಿತ ಅವಸರದಲ್ಲಿ ನುಗ್ಗಿ ಆಮೇಲೆ ಗ್ಯಾಪ್ ಬಂದರೆ ಎಕ್ಟೋಪಿಕ್, ಅಂದರೆ ಮಾಮೂಲಿ ಜಾಗ ಬಿಟ್ಟು ಬೇರೆ ಕಡೆಯಿಂದ ಹುಟ್ಟಿದ ಬಡಿತ. ಅಂತರಗಳು ಯಾವ ಕ್ರಮಕ್ಕೂ ಸಿಗದೆ, ಪಿ ಅಲೆಯೂ ಕಾಣದೆ, ಗೆರೆ ಸುಮ್ನೆ ನಡುಗುತ್ತಿದ್ದರೆ ಏಟ್ರಿಯಲ್ ಫಿಬ್ರಿಲೇಶನ್. ಮೇಲಿನ ಕೋಣೆಗಳು ಹಿಂಡುವ ಬದಲು ಅದುರುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಸ್ಟ್ರೋಕ್. ನಿಮ್ಮಪ್ಪನ ವಯಸ್ಸಿನಲ್ಲಿ ನಾನು ಹುಡುಕುವುದು ಇದನ್ನೇ.

ಇನ್ನೊಬ್ಬ ಸದಸ್ಯರು: ಹಾಗಾದರೆ ಅಂತರ ಒಂದೇ ಸಮ ಇದ್ದರೆ ಭಯ ಇಲ್ಲ ಅಲ್ವಾ?

ಉತ್ತರ: ಹಾಗೇನಿಲ್ಲ! ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾದಲ್ಲಿ, ಅಂದರೆ ಕೆಳಗಿನ ಕೋಣೆಗಳಿಂದಲೇ ಬಡಿತ ವೇಗವಾಗಿ ಹೊರಟಾಗ, ಅಂತರ ಸಾಮಾನ್ಯವಾಗಿ ಒಂದೇ ಸಮ ಇರುತ್ತದೆ, ಆದರೆ ಪ್ರಾಣಕ್ಕೇ ಕುತ್ತು. ಅಲ್ಲಿ ಮೊನೆಗಳು ದೊಡ್ಡ ಚೌಕದೊಳಗಿನ 3 ಚಿಕ್ಕ ಚೌಕಕ್ಕಿಂತ ಅಗಲ. ಏಟ್ರಿಯಲ್ ಫ್ಲಟರ್ (ಮೇಲಿನ ಕೋಣೆಗಳು ಅತಿ ವೇಗವಾಗಿ, ಆದರೆ ಕ್ರಮವಾಗಿ ಬಡಿಯುವುದು) ಕೂಡ ಎಷ್ಟೋ ಸಲ ನಿಮಿಷಕ್ಕೆ 150ರ ಆಸುಪಾಸಿನಲ್ಲಿ ಅಚ್ಚುಕಟ್ಟಾಗಿ ಓಡುತ್ತಿರುತ್ತದೆ.

ಪ್ರಶ್ನೆ ಕೇಳಿದವರು: ವಾಚಲ್ಲೇ ಇಸಿಜಿ ತೆಗೆಯಬಹುದು. ಅದು ಸಾಕಾಗುತ್ತಾ?

ಉತ್ತರ: ತುಂಬಾ ಉಪಯೋಗ. ಎಚ್ಚರಿಕೆ ಬರುವುದು ಸಾಮಾನ್ಯವಾಗಿ ಬೆಳಕಿನಿಂದ ನಾಡಿ ನೋಡಿ, ಇಸಿಜಿಯಿಂದಲ್ಲ. ಹಾಗಾಗಿ ಎಚ್ಚರಿಕೆ ಬಂದ ಕೂಡಲೇ 30 ಸೆಕೆಂಡಿನ ಪಟ್ಟಿ ತೆಗೆದು ಸೇವ್ ಮಾಡಿ. ಕೈ ಮೇಜಿನ ಮೇಲಿರಲಿ, ಮಾತು ಬೇಡ. ಕೈ ನಡುಗಿದರೂ ಗೆರೆ ಫಿಬ್ರಿಲೇಶನ್ ಥರವೇ ಕಾಣುತ್ತದೆ. ಆ ಪಟ್ಟಿ ತೋರಿಸಿ, 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ ಯಂತ್ರ) ಬೇಕಾ ಅಂತ ನಿಮ್ಮ ವೈದ್ಯರನ್ನು ಕೇಳಿ. ಎದೆನೋವು, ತಲೆಸುತ್ತಿ ಬೀಳುವುದು, ಮಾತು ತೊದಲುವುದು ಕಂಡರೆ ಮಾತ್ರ ಪಟ್ಟಿಗೆ ಕಾಯಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ.