ಮನೆಯಡಿಯ ಕ್ರಾಲ್ ಸ್ಪೇಸ್‌ನಲ್ಲಿ ತೇವ: ಪ್ಲಾಸ್ಟಿಕ್ ಹಾಳೆ ಸಾಕೇ, ಪೂರ್ತಿ ಮುಚ್ಚಿಸಬೇಕೇ?

ಪ್ರಶ್ನೆ (ರಾಲಿ, ಉತ್ತರ ಕೆರೊಲಿನಾ)

ನಮಸ್ಕಾರ. ನಾವು ಕೊಂಡಿರುವುದು 1980ರ ದಶಕದ ಮನೆ. ಮರದ ನೆಲದ ಕೆಳಗೆ ಸುಮಾರು ಮೂರು ಅಡಿ ಎತ್ತರದ ಕ್ರಾಲ್ ಸ್ಪೇಸ್ ಇದ್ದು, ಅದರ ಸುತ್ತಲಿನ ಗೋಡೆಗಳಲ್ಲಿ ಗಾಳಿಕಿಂಡಿಗಳಿವೆ. ಜೂನ್ ಬಂತೆಂದರೆ ಮನೆಯೊಳಗೆಲ್ಲ ಮುಗ್ಗಲು ವಾಸನೆ. ಟಾರ್ಚ್ ಹಿಡಿದು ಒಳಗೆ ತೆವಳಿ ನೋಡಿದಾಗ ಏಸಿ ಡಕ್ಟ್‌ಗಳ (ತಂಪು ಗಾಳಿ ಸಾಗಿಸುವ ಕೊಳವೆಗಳ) ಮೈಮೇಲೆ ನೀರು ಹನಿಗಟ್ಟಿತ್ತು, ಜಾಯಿಸ್ಟ್‌ಗಳ (ನೆಲವನ್ನು ಹೊತ್ತ ಮರದ ತೊಲೆಗಳ) ನಡುವೆ ಶಾಖ ತಡೆಯಲು ತುಂಬಿದ ಫೈಬರ್‌ಗ್ಲಾಸ್ ತೇವದ ಭಾರಕ್ಕೆ ಜೋತುಬಿದ್ದಿತ್ತು, ಮಣ್ಣಿನ ಮೇಲಿನ ಹಳೆಯ ಹಾಳೆ ಅಲ್ಲಲ್ಲಿ ಹರಿದಿತ್ತು. ಹೊಸದಾಗಿ 6 ಮಿಲ್ (ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ದಪ್ಪದ ಹಾಳೆ ಹಾಸಿದರೆ ಸಾಕೆಂದು ಒಬ್ಬ ಕಂಟ್ರಾಕ್ಟರ್ ಹೇಳುತ್ತಾರೆ. ಇನ್ನೊಬ್ಬರು ಕಿಂಡಿಗಳನ್ನು ಮುಚ್ಚಿ, 20 ಮಿಲ್ ಹಾಳೆಯನ್ನು ಗೋಡೆಯವರೆಗೂ ಏರಿಸಿ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಡಬೇಕೆನ್ನುತ್ತಾರೆ. ಅವರು ಕೇಳುವ ಹಣ ಹಲವು ಪಟ್ಟು ಹೆಚ್ಚು. ಯಾರ ಮಾತು ಸರಿ?

ಉತ್ತರ 1 (ಡೆನ್ವರ್)

ಕಿಂಡಿಗಳನ್ನು ಮುಚ್ಚಿಸಬೇಡಿ. ಗಾಳಿಯಾಡಿದರೆ ತೇವ ತಾನಾಗಿ ಆರುತ್ತದೆ. ನಮ್ಮ ಮನೆಯಲ್ಲಿ ಮಣ್ಣಿಗೆ ಹಾಳೆ ಹೊದಿಸಿ ಕಿಂಡಿಗಳನ್ನು ತೆರೆದೇ ಇಟ್ಟಿದ್ದೇವೆ, ಇದುವರೆಗೆ ಯಾವ ತೊಂದರೆಯೂ ಆಗಿಲ್ಲ.

ಉತ್ತರ 2 (ಶಾರ್ಲಟ್, ಮನೆ ತಪಾಸಣೆ ನನ್ನ ವೃತ್ತಿ)

ಮೇಲಿನ ಮಿತ್ರರ ಮಾತು ಡೆನ್ವರಿನ ಒಣಹವೆಗೆ ಒಪ್ಪುತ್ತದೆ, ರಾಲಿಯ ಬೇಸಿಗೆಗೆ ಒಪ್ಪುವುದಿಲ್ಲ. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದು ಆರ್ದ್ರತೆ ಶೇಕಡ 65 ಇದೆಯೆಂದುಕೊಳ್ಳಿ. ಅದೇ ಗಾಳಿ ಕಿಂಡಿಯಿಂದ ಒಳಹೊಕ್ಕು ನೆಲದ ತಂಪಿಗೆ 24 ಡಿಗ್ರಿಗೆ ಇಳಿದರೆ, ಒಂದು ಹನಿ ನೀರೂ ಹೊಸದಾಗಿ ಸೇರದೆ ಅದರ ಆರ್ದ್ರತೆ ಶೇಕಡ 90ನ್ನು ದಾಟುತ್ತದೆ. ಇನ್ನೂ ತಣ್ಣಗಿರುವ ಡಕ್ಟ್‌ಗೆ ತಗುಲಿದರೆ ನೀರಾಗಿಯೇ ಇಳಿಯುತ್ತದೆ. ನೀವು ಕಂಡ ಹನಿಗಳು ಬಹುಮಟ್ಟಿಗೆ ಹೊರಗಿನ ಗಾಳಿ ಹೊತ್ತು ತಂದವು. ಆದ್ದರಿಂದ ಕಿಂಡಿಗೆ ಫ್ಯಾನ್ ಕೂಡಿಸಿದರೆ ತೇವ ಹೆಚ್ಚುವುದೇ ಹೊರತು ತಗ್ಗದು.

ಹಾಳೆ ತಡೆಯುವುದು ಮಣ್ಣಿನಿಂದ ಏಳುವ ಆವಿಯನ್ನು ಮಾತ್ರ. ಅದು ಖಂಡಿತ ಬೇಕು, ಆದರೆ ಅದೊಂದರಿಂದಲೇ ನಿಮ್ಮ ಸಮಸ್ಯೆ ತೀರುವುದಿಲ್ಲ. ರಾಲಿಯದೇ ಆದ ಅಡ್ವಾನ್ಸ್ಡ್ ಎನರ್ಜಿ ಸಂಸ್ಥೆಯು ನಮ್ಮ ರಾಜ್ಯದ ಪ್ರಿನ್ಸ್‌ವಿಲ್‌ನಲ್ಲಿ 12 ಮನೆಗಳನ್ನು ಹೋಲಿಸಿ ನೋಡಿದಾಗ, ಹಾಳೆ ಹಾಸಿಯೂ ಕಿಂಡಿ ತೆರೆದಿಟ್ಟ ಕ್ರಾಲ್ ಸ್ಪೇಸ್‌ಗಳಿಗಿಂತ ಮುಚ್ಚಿದವು ಬೇಸಿಗೆಯಲ್ಲಿ ಸ್ಪಷ್ಟವಾಗಿ ಒಣಗಿದ್ದವು. ಮನೆಯನ್ನು ಬಿಸಿ ಮತ್ತು ತಂಪು ಮಾಡುವ ಖರ್ಚೂ ಕಡಿಮೆಯಾಗಿತ್ತು.

ದಪ್ಪದ ವಿಚಾರ ಅಷ್ಟು ದೊಡ್ಡದಲ್ಲ. 6 ಮಿಲ್ ಎಂದರೆ ಸುಮಾರು 0.15 ಮಿಲಿಮೀಟರ್, ಆವಿ ತಡೆಯಲು ಆ ಪಾಲಿಥಿನ್ ಸಾಕು. ಆದರೆ ಏಸಿ, ಕೊಳಾಯಿ ಕೆಲಸದವರು ಅದರ ಮೇಲೆ ಮೊಣಕಾಲೂರಿ ತೆವಳಿದಾಗ ಹರಿಯುತ್ತದೆ. ನೂಲಿನ ಬಲೆ ಸೇರಿಸಿದ 12 ಮಿಲ್ ಹಾಳೆ ಬಹಳಷ್ಟು ಮನೆಗಳಿಗೆ ಸಾಕೆಂಬುದು ನನ್ನ ಅಭಿಪ್ರಾಯ. 20 ಮಿಲ್‌ಗೆ ಸುರಿಯುವ ಹಣವನ್ನು ಅಂಚು ಮತ್ತು ಕೀಲುಗಳನ್ನು ಚೊಕ್ಕವಾಗಿ ಮುಚ್ಚಿಸಲು ಬಳಸಿ. ಕಿಂಡಿಯಿಲ್ಲದ ಕ್ರಾಲ್ ಸ್ಪೇಸ್‌ಗೆ ಕಟ್ಟಡ ಸಂಹಿತೆಯಾದ ಐಆರ್‌ಸಿ ಹೇಳುವಂತೆ, ಹಾಳೆಗಳು ಒಂದರ ಮೇಲೊಂದು ಕನಿಷ್ಠ 6 ಇಂಚು ಬಂದು ಟೇಪಿನಿಂದ ಅಂಟಿರಬೇಕು, ಗೋಡೆಯ ಮೇಲೂ ಕನಿಷ್ಠ 6 ಇಂಚು ಏರಿ ಭದ್ರವಾಗಿರಬೇಕು. ಡಿಹ್ಯುಮಿಡಿಫೈಯರ್ ಇಡುವುದಾದರೆ 1,000 ಚದರ ಅಡಿಗೆ ದಿನಕ್ಕೆ 70 ಪಿಂಟ್, ಅಂದರೆ ಸುಮಾರು 33 ಲೀಟರ್ ನೀರು ತೆಗೆಯುವ ಶಕ್ತಿ ಅದಕ್ಕಿರಬೇಕು. ಆ ನೀರು ಪೈಪಿನಲ್ಲಿ ಹೊರಗೆ ಹೋಗುವ ಏರ್ಪಾಡನ್ನು ಲೆಕ್ಕಕ್ಕೆ ಸೇರಿಸಿದ್ದಾರೆಯೇ ಎಂದು ಕೇಳಿ. ಬಕೆಟ್ ಖಾಲಿ ಮಾಡಲು ಯಾರೂ ದಿನಾ ತೆವಳುವುದಿಲ್ಲ.

ಇವೆಲ್ಲಕ್ಕೂ ಮುಂಚೆ ಮಳೆ ಬರುವಾಗ ಮನೆಯ ಸುತ್ತ ಒಂದು ಸುತ್ತು ಬನ್ನಿ. ಸೂರಿನ ನೀರು ಅಡಿಪಾಯದ ಬುಡಕ್ಕೇ ಬೀಳುತ್ತಿದ್ದರೆ, ಅಥವಾ ಅಂಗಳ ಮನೆಯ ಕಡೆಗೆ ವಾಲಿದ್ದರೆ, ಮೊದಲು ಅದನ್ನು ಸರಿಪಡಿಸಿ. ಗೋಡೆಯಿಂದಾಚೆ ಮೊದಲ 10 ಅಡಿಯಲ್ಲಿ ನೆಲ 6 ಇಂಚು ಇಳಿಜಾರಿರಬೇಕು. ಹರಿದು ಬರುವ ನೀರಿಗೆ ಆವಿ ತಡೆಯುವ ಹಾಳೆ ಮದ್ದಲ್ಲ. ನೀರು ಅದರ ಮೇಲೆಯೇ ನಿಂತುಬಿಡುತ್ತದೆ. ಬಟ್ಟೆ ಒಣಗಿಸುವ ಡ್ರೈಯರ್‌ನ ಪೈಪು ಕ್ರಾಲ್ ಸ್ಪೇಸ್‌ನಲ್ಲೇ ಕೊನೆಗೊಂಡಿದೆಯೇ ಎಂಬುದನ್ನೂ ನೋಡಿ; ಅಂಥ ಮನೆಗಳು ಅಪರೂಪವೇನಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು ಸರ್. ಒಂದು ವಿಷಯ ಹೇಳಲು ಬಿಟ್ಟುಹೋಗಿತ್ತು: ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೆಸ್ ಕೂಡ ಕೆಳಗೇ ಇದೆ. ಮುಚ್ಚಿಸಿದರೆ ಅದಕ್ಕೇನಾದರೂ ತೊಂದರೆಯಾದೀತೇ?

ಉತ್ತರ 2 (ಮುಂದುವರಿಕೆ)

ಅದು ಸುತ್ತಲಿನ ಗಾಳಿಯನ್ನೇ ಎಳೆದುಕೊಂಡು ಉರಿಯುವ ಹಳೆಯ ಮಾದರಿಯಾಗಿದ್ದರೆ ಈಗಿನ ಸ್ಥಿತಿಯಲ್ಲಿ ಕಿಂಡಿಗಳನ್ನು ಮುಚ್ಚಿಸಲೇಬೇಡಿ. ಉರಿಯಲು ಗಾಳಿ ಸಾಲದಿದ್ದರೆ, ಅಥವಾ ಹೊಗೆ ಹೊರಗೆ ಹೋಗದೆ ಹಿಮ್ಮುಖವಾದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಸೇರುವ ಅಪಾಯವಿದೆ. ಗಾಳಿಯನ್ನು ಹೊರಗಿನಿಂದಲೇ ಪೈಪಿನಲ್ಲಿ ಎಳೆದು, ಹೊಗೆಯನ್ನೂ ಪೈಪಿನಲ್ಲೇ ಹೊರಬಿಡುವ ಮಾದರಿಗೆ ಬದಲಾಯಿಸಿದ ಮೇಲಷ್ಟೇ ಮುಚ್ಚುವ ಮಾತು. ಎರಡನೆಯ ಕಂಟ್ರಾಕ್ಟರ್ ಫರ್ನೆಸ್ಸಿನ ಬಗ್ಗೆ ವಿಚಾರಿಸದೆಯೇ ದರ ಹೇಳಿದ್ದರೆ ನಾನಂತೂ ಅವರಿಗೆ ಕೆಲಸ ಒಪ್ಪಿಸುವುದಿಲ್ಲ.

ಉತ್ತರ 3 (ಅಟ್ಲಾಂಟಾ)

ಮೇಲಿನ ವಿವರಣೆಗೆ ಎರಡು ಮಾತು ಸೇರಿಸುತ್ತೇನೆ. ಗೋಡೆಗೆ ಏರಿಸಿದ ಹಾಳೆಯನ್ನು ಮರದ ಸಿಲ್‌ವರೆಗೂ (ಅಡಿಪಾಯದ ಗೋಡೆಯ ಮೇಲೆ ಕೂರುವ ಪಟ್ಟಿಯವರೆಗೂ) ಅಂಟಿಸಲು ಬಿಡಬೇಡಿ. ಗೆದ್ದಲಿನ ಮಣ್ಣಿನ ಸಾಲು ಕಣ್ಣಿಗೆ ಬೀಳುವಂತೆ ಮೇಲ್ಗಡೆ ಸುಮಾರು 3 ಇಂಚು ಗೋಡೆಯನ್ನು ತೆರೆದಿಡಬೇಕು. ಇನ್ನು ರೇಡಾನ್ (ಮಣ್ಣಿನಿಂದ ಏಳುವ ವಿಕಿರಣಶೀಲ ಅನಿಲ) ಪರೀಕ್ಷೆಯನ್ನು ಕೆಲಸಕ್ಕೆ ಮೊದಲೂ ಅನಂತರವೂ ಮಾಡಿಸಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಾರ ಲೀಟರಿಗೆ 4 ಪಿಕೊಕ್ಯೂರಿ ಅಥವಾ ಅದಕ್ಕಿಂತ ಹೆಚ್ಚು ಕಂಡುಬಂದರೆ ಕ್ರಮ ಕೈಗೊಳ್ಳಬೇಕು. ಆಗ ಅದೇ ಹಾಳೆಯ ಅಡಿಯಲ್ಲಿ ಪೈಪು ಹಾಕಿ ಫ್ಯಾನಿನಿಂದ ಗಾಳಿಯನ್ನು ಮನೆಯ ಹೊರಕ್ಕೆ ಎಳೆಸಬಹುದು.